ಐವತ್ತೆರಡನೆಯ ನಿಮಿಷದ ಸಂಪ್ರದಾಯ

ಮಹಾಂತಪ್ಪನ ಬಾಯಲ್ಲಿ ಹೊರಡದ ಶಬ್ದ ಒಂದೇ ಒಂದು: 'ಗೊತ್ತಿಲ್ಲ'. ಯಾರಾದರೂ ಕಾರು ನಿಲ್ಲಿಸಿ ದಾರಿ ಕೇಳಿದರೆ, ಆ ರಸ್ತೆಯ ಹೆಸರನ್ನು ಆಗಲೇ ಮೊದಲ ಸಲ ಕೇಳಿದ್ದರೂ, ಎಡಕ್ಕೆ ಎರಡು ಸಿಗ್ನಲ್, ಬಲಕ್ಕೆ ಒಂದು ಎಂದು ಕಳಿಸಿಬಿಡುತ್ತಾನೆ. ಡಲ್ಲಾಸ್ ಪಕ್ಕದ ನಮ್ಮ ಫ್ರಿಸ್ಕೋದಲ್ಲಿ ಅವನ ಮಾತು ನಂಬಿ ಹೊರಟವರಲ್ಲಿ ಒಬ್ಬರು ಒಕ್ಲಹೋಮಾದ ಗಡಿ ಮುಟ್ಟಿ ಫೋನ್ ಮಾಡಿದ್ದರು. ಪ್ಲೇನೋದ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟ್ ಮಾಡುವುದು ಅವನ ಉದ್ಯೋಗ. ಬೇರೆಯವರ ತಪ್ಪು ಹುಡುಕಿ ಸಂಬಳ ತಿನ್ನುವವನು ತನ್ನ ತಪ್ಪು ಒಪ್ಪಿಕೊಳ್ಳುವುದು ವೃತ್ತಿಧರ್ಮಕ್ಕೆ ವಿರುದ್ಧ ಎಂದು ಅವನು ತಿಳಿದಿರಬೇಕು.

ನಾನು ಶ್ರೀಪತಿ. ಅವನ ಎದುರು ಮನೆಯವನು, ಮೈಸೂರಿನವನು, ಇಲ್ಲಿಯ ಕನ್ನಡ ಸಂಘಕ್ಕೆ ಸಾಂಸ್ಕೃತಿಕ ಕಾರ್ಯದರ್ಶಿ. ಕಳೆದ ವರ್ಷ ನಮ್ಮ ಊರಿನಲ್ಲಿ ನಡೆದ ಅನಾಹುತದಲ್ಲಿ ನನ್ನ ಪಾಲೂ ಇದೆ, ಮುಚ್ಚಿಡುವುದಿಲ್ಲ. ನಗು ಬಂದವರು ನಗಬಹುದು. ನಮ್ಮ ಮನೆಯಲ್ಲಿ ಮಾತ್ರ ಅದನ್ನು ನೆನೆದು ಯಾರೂ ನಗುವುದಿಲ್ಲ.

ನವೆಂಬರ್ ಹುಟ್ಟಿತೆಂದರೆ ಇಲ್ಲಿಯ ಟೀವಿಯಲ್ಲಿ ಕ್ರಿಸ್ಮಸ್ ಪ್ರೇಮಕಥೆಗಳ ಸುಗ್ಗಿ. ದಿನಕ್ಕೊಂದು ಸಿನಿಮಾ, ಎಲ್ಲಕ್ಕೂ ಕಥೆ ಒಂದೇ. ದೊಡ್ಡ ಊರಿನ ದೊಡ್ಡ ಕೆಲಸದ ಹುಡುಗಿ ಹಬ್ಬಕ್ಕೆ ಸಣ್ಣ ಊರಿಗೆ ಬರುತ್ತಾಳೆ. ಅಲ್ಲಿ ಮುಚ್ಚಿಹೋಗಲಿರುವ ಒಂದು ಬೇಕರಿ. ಬೇಕರಿಯ ಪಕ್ಕದಲ್ಲಿ ಚೌಕುಳಿ ಅಂಗಿ ತೊಟ್ಟು ಸೌದೆ ಒಡೆಯುವ, ಹೆಂಡತಿ ಸತ್ತ ಗಂಡಸು. ಜಗಳವಾಗುತ್ತದೆ, ಹಿಮ ಬೀಳುತ್ತದೆ, ಮುತ್ತು ಕೊಡುತ್ತಾರೆ, ಬೇಕರಿ ಉಳಿಯುತ್ತದೆ. ನಮ್ಮ ಬೀದಿಯ ಹೆಂಗಸರು ಚಹಾ ಹಿಡಿದು ಸೋಫಾದಲ್ಲಿ ಕೂತು ನೋಡುತ್ತಾರೆ. ಗಂಡಸರು ಸೋಫಾದ ಹಿಂದೆ ನಿಂತು ಗೇಲಿ ಮಾಡುತ್ತ ಕೊನೆಯ ಮುತ್ತಿನವರೆಗೂ ನೋಡುತ್ತಾರೆ.

ಮೊದಮೊದಲು ಈ ಊರುಗಳಲ್ಲಿ ಬಿಳಿಯರು ಬಿಟ್ಟು ಬೇರೆ ನರಪಿಳ್ಳೆ ಇರಲಿಲ್ಲ. ಆಮೇಲೆ ನಾಯಕಿಗೆ ಬುದ್ಧಿ ಹೇಳುವ ಗೆಳತಿ ಕಪ್ಪು ಹುಡುಗಿಯಾದಳು, ಎರಡು ವರ್ಷ ಬುದ್ಧಿ ಹೇಳಿದ ಮೇಲೆ ಆಕೆಯೇ ನಾಯಕಿಯಾದಳು. ಚೀನೀ ಕುಟುಂಬ ಬಂತು, ಮೆಕ್ಸಿಕೋದ ಅಜ್ಜಿ ಬಂದಳು, ಯೆಹೂದಿಗಳ ಹನುಕ್ಕಾ ಹಬ್ಬ ಬಂತು, ಇಬ್ಬರು ಗಂಡಸರು ಸೇರಿ ಬೇಕರಿ ಉಳಿಸಿದ್ದೂ ಆಯಿತು.

"ಪ್ರಪಂಚದಲ್ಲಿರೋರ ಮನೆ ಅಜ್ಜೀರೆಲ್ಲ ಬಂದಾಯ್ತು. ನಮ್ಮೋರು ಯಾವಾಗ ಬರ್ತಾರೋ" ಎಂದು ನನ್ನ ಹೆಂಡತಿ ಕೃಷ್ಣವೇಣಿ ಒಂದು ಸಂಜೆ ನಿಟ್ಟುಸಿರು ಬಿಟ್ಟಳು.

ಸೋಫಾದ ಹಿಂದಿನಿಂದ ಮಹಾಂತಪ್ಪ ಹೇಳಿದ: "ಬರೋ ವರ್ಷ ಬರ್ತಾರ್ರೀ ವೈನಿ. ಮಾತುಕತಿ ನಡದೈತಿ."

ಯಾರ ಜೊತೆ ಯಾರ ಮಾತುಕತೆ ಎಂದು ಅವನಿಗೂ ಗೊತ್ತಿರಲಿಲ್ಲ. ಆದರೆ ಸುಳ್ಳಿಗೂ ಒಮ್ಮೊಮ್ಮೆ ಅದೃಷ್ಟ ಇರುತ್ತದೆ. ಮುಂದಿನ ಬೇಸಿಗೆಯಲ್ಲಿ ಅವನ ಆಫೀಸಿನವನೊಬ್ಬನ ಅಕ್ಕ, ಬ್ರೆಂಡಾ ಎಂಬಾಕೆ, ಅಂಥದೇ ಒಂದು ಸಿನಿಮಾ ತೆಗೆಯಲು ಆಸ್ಟಿನ್ ಹತ್ತಿರದ ಸಣ್ಣ ಊರಿಗೆ ಬಂದಳು. ನಾಯಕಿ ಭಾರತದ ಹುಡುಗಿ, ಸಿನಿಮಾದ ಹೆಸರಿನಲ್ಲಿ ಕೇಸರಿಯೂ ಹಿಮವೂ ಇದ್ದವು. ಪಂಜಾಬಿನವರ ಕಥೆ ಹಿಂದಿನ ವರ್ಷ ಇನ್ನೊಂದು ಚಾನೆಲ್ಲಿನಲ್ಲಿ ಬಂದಿದ್ದರಿಂದ ಈ ಸಲ ಕರ್ನಾಟಕ ಎಂದು ಯಾರೋ ನಕ್ಷೆ ನೋಡಿ ತೀರ್ಮಾನಿಸಿದ್ದರಂತೆ. ಸಂಸ್ಕೃತಿಯ ಸಲಹೆಗಾರರೊಬ್ಬರು ಬೇಕಾಗಿತ್ತು. ಮಹಾಂತಪ್ಪ ಹೊರಟ. ಸಂಘದ ಪ್ರತಿನಿಧಿಯೆಂದು ನನ್ನನ್ನೂ ಕಾರಿಗೆ ಹತ್ತಿಸಿಕೊಂಡ.

ಆಗಸ್ಟ್ ತಿಂಗಳು. ಇಲ್ಲಿಯ ಫ್ಯಾರನ್‌ಹೀಟ್ ಲೆಕ್ಕದಲ್ಲಿ ನೂರಾ ನಾಲ್ಕು ಡಿಗ್ರಿ ಬಿಸಿಲು. ಆ ಊರಿನ ಒಂದು ಬೀದಿಗೆ ಮಾತ್ರ ಸೋಪಿನ ನೊರೆಯ ಹಿಮ ಸುರಿದಿದ್ದರು. ಉಣ್ಣೆಯ ಕೋಟು ತೊಟ್ಟ ನಾಯಕಿಯ ಬೆನ್ನಿಗೆ ಒಬ್ಬ ಫ್ಯಾನ್ ಹಿಡಿದಿದ್ದ, ಇನ್ನೊಬ್ಬ ಐಸ್ ಹಿಡಿದಿದ್ದ. ಬ್ರೆಂಡಾ ನಮ್ಮನ್ನು ಊಟದ ಡೇರೆಯಲ್ಲಿ ಕೂರಿಸಿ ಲ್ಯಾಪ್‌ಟಾಪ್ ತೆರೆದಳು. ಈ ಸಿನಿಮಾಗಳಲ್ಲಿ ಎಲ್ಲಕ್ಕೂ ನಿಮಿಷದ ಲೆಕ್ಕ ಇದೆಯೆಂದು ನನಗೆ ಗೊತ್ತಾದದ್ದು ಅಂದೇ. ಹನ್ನೊಂದನೆಯ ನಿಮಿಷಕ್ಕೆ ನಾಯಕ ನಾಯಕಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯಬೇಕು, ಎಪ್ಪತ್ತನೆಯ ನಿಮಿಷಕ್ಕೆ ಮುನಿಸಿಕೊಳ್ಳಬೇಕು. ಐವತ್ತೆರಡನೆಯ ನಿಮಿಷಕ್ಕೆ ನಾಯಕಿ ತನ್ನ ಮನೆತನದ ಒಂದು ಸಂಪ್ರದಾಯವನ್ನು ನಾಯಕನಿಗೆ ತೋರಿಸಬೇಕು.

"ಡಿಸೆಂಬರಿನಲ್ಲಿ ನಿಮ್ಮ ಮನೆಯಲ್ಲಿ ಏನು ಮಾಡುತ್ತಿದ್ದಿರಿ?" ಎಂದು ಬ್ರೆಂಡಾ ಕೇಳಿದಳು.

ಮಹಾಂತಪ್ಪ ಪ್ರಾಮಾಣಿಕವಾಗಿಯೇ ಶುರು ಮಾಡಿದ. ಎಳ್ಳಮಾವಾಸ್ಯೆಯ ಬಗ್ಗೆ ಹೇಳಿದ. ಚಕ್ಕಡಿ ಹೂಡಿಕೊಂಡು ಹೊಲಕ್ಕೆ ಹೋಗುವುದು, ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲುವುದು, ಊರಿನವರೆಲ್ಲ ಕೂತು ಉಣ್ಣುವುದು. ಬ್ರೆಂಡಾ ಟೈಪ್ ಮಾಡುತ್ತ ಹೋದಳು, ಆಮೇಲೆ ಕೈ ನಿಲ್ಲಿಸಿದಳು. ಎತ್ತುಗಳಿಗೆ ಇನ್ಶೂರೆನ್ಸ್ ಸಿಗುವುದಿಲ್ಲ. ಹೊಲಕ್ಕೆ ಹಿಮ ಹಾಕುವಷ್ಟು ಸೋಪಿಲ್ಲ. ಮನೆಯೊಳಗೆ, ಇಬ್ಬರೇ, ಒಂದು ದೀಪ, ತೊಂಬತ್ತು ಸೆಕೆಂಡು. ಅಂಥದ್ದು ಏನಾದರೂ ಇದೆಯೇ?

ಇಲ್ಲ ಎನ್ನಬೇಕಿತ್ತು. ಅಥವಾ ಗೊತ್ತಿಲ್ಲ ಎನ್ನಬೇಕಿತ್ತು. ಮಹಾಂತಪ್ಪ ಎದುರಿಗಿದ್ದ ಬುಟ್ಟಿಯಿಂದ ಜೋಳದ ಚಿಪ್ಸ್ ಒಂದನ್ನು ಎತ್ತಿಕೊಂಡಿದ್ದ. ಅದು ಅವನ ಕೈಯಲ್ಲಿ ಎರಡಾಯಿತು. ಅವನು ಆ ಎರಡು ತುಂಡನ್ನೇ ನೋಡಿದ.

"ಐತಿ" ಎಂದು ಕನ್ನಡದಲ್ಲಿಯೇ ಹೇಳಿ, ಇಂಗ್ಲಿಷಿಗೆ ತಿರುಗಿದ. ವರ್ಷದ ದೊಡ್ಡ ಚಳಿಯ ದಿನ ಎಳ್ಳು ಹಚ್ಚಿದ ಸಜ್ಜೆಯ ಕಡಕ್ ರೊಟ್ಟಿಯನ್ನು ಇಬ್ಬರು ಎರಡು ಕಡೆ ಹಿಡಿದು ಮುರಿಯುತ್ತಾರೆ. ದೊಡ್ಡ ತುಂಡು ಯಾರ ಕೈಗೆ ಬಂತೋ ಅವರು ಒಳಗೆ ಮುಚ್ಚಿಟ್ಟುಕೊಂಡ ಒಂದು ಮಾತನ್ನು ಇನ್ನೊಬ್ಬರಿಗೆ ಹೇಳಬೇಕು. ಕೇಳಿದವರು ಸಣ್ಣ ತುಂಡನ್ನು ತಿಂದು ಮುಗಿಸುವವರೆಗೆ ಮಾತಾಡಬಾರದು. "ನನ್ನ ತಾಯಿ ಪ್ರತಿ ವರ್ಷ ಮಾಡಿಸುತ್ತಿದ್ದಳು" ಎಂದು ಸೇರಿಸಿದ.

ಬ್ರೆಂಡಾ ಕಣ್ಣೊರೆಸಿಕೊಂಡಳು. ಪಕ್ಕದಲ್ಲಿ ಉಣ್ಣಲು ಬಂದಿದ್ದ ಫ್ಯಾನಿನವನೂ ಒರೆಸಿಕೊಂಡ, ಅವನದು ಬೆವರಿರಬಹುದು.

ವಾಪಸು ಬರುವಾಗ ನಾಲ್ಕು ಗಂಟೆಯ ಹೈವೇ. ಅರ್ಧ ದಾರಿ ತಡೆದುಕೊಂಡು ಕೇಳಿದೆ. "ಅಲ್ಲ ಮಹಾಂತಪ್ಪ, ಆ ರೊಟ್ಟಿ ಮುರಿಯೋದು ನಿಜವಾಗ್ಲೂ ಇದೆಯೇನ್ರೀ? ಯಾವತ್ತೂ ಕೇಳಿಲ್ಲ."

"ನೀವು ಮೈಸೂರವರು. ನಿಮಗೇನ ಗೊತ್ತಾಗ್ತದ ರೊಟ್ಟಿ?"

"ನಿಮ್ಮ ತಾಯಿಯವರು ದೊಡ್ಡ ಮನೆತನದವರು, ಅಡಿಗೆಗೆ ಮೂರು ಜನ ಆಳಿದ್ದರು ಅಂತ ನೀವೇ ಹೇಳ್ತಿದ್ರಿ. ಅವರು ರೊಟ್ಟಿ ಮಾಡಿದ್ದು ಯಾವಾಗ? ಸುಳ್ಳು ತಾನೆ?"

ಮಹಾಂತಪ್ಪ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಸುಳ್ಳಲ್ರೀ. ಕನ್ಸಲ್ಟಿಂಗ್" ಎಂದ.

ನವೆಂಬರಿನ ಮೊದಲ ಶನಿವಾರ ಸಿನಿಮಾ ಬಂತು. ನಮ್ಮ ಮನೆಯಲ್ಲಿ ಮೂವತ್ತು ಜನ. ಐವತ್ತೆರಡನೆಯ ನಿಮಿಷಕ್ಕೆ ಸರಿಯಾಗಿ ನಾಯಕಿ ತಟ್ಟೆಯಲ್ಲಿ ಒಂದು ರೊಟ್ಟಿ ತಂದಳು. ಅದು ನೋಡಲಿಕ್ಕೆ ಪಿಜ್ಜಾದ ತಳದ ಹಾಗಿತ್ತು, ಪರವಾಗಿಲ್ಲ. ದೊಡ್ಡ ತುಂಡು ಚೌಕುಳಿ ಅಂಗಿಯವನಿಗೆ ಬಂತು. ಅವನು ಸತ್ತ ಹೆಂಡತಿಯ ಬಗ್ಗೆ ಯಾರಿಗೂ ಹೇಳದ ಒಂದು ಮಾತು ಹೇಳಿದ. ನಾಯಕಿ ಸಣ್ಣ ತುಂಡು ಜಗಿಯುತ್ತ ಅತ್ತಳು. ನಮ್ಮ ಮನೆಯಲ್ಲಿ ಮೂವತ್ತು ಜನರೂ ಮೂಗು ಎಳೆದುಕೊಂಡರು. ಕೊನೆಯಲ್ಲಿ ಹೆಸರುಗಳು ಓಡುವಾಗ 'ಸಾಂಸ್ಕೃತಿಕ ಸಲಹೆ: ಮಹಾನ್ ಟಪ್ಪಾ' ಎಂದು ಬಂದದ್ದನ್ನು ಯಾರೋ ಫೋಟೋ ತೆಗೆದರು.

ನಾನು ಅವನ ಕಡೆಗಲ್ಲ, ಅವನ ಮಗಳು ಸಿಯಾಳ ಕಡೆಗೆ ನೋಡುತ್ತಿದ್ದೆ. ಹದಿನೇಳು ವರ್ಷದ ಹುಡುಗಿ, ಹನ್ನೆರಡನೆಯ ಕ್ಲಾಸು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಪ್ಪನ ಜೊತೆ ನಾಲ್ಕು ವರ್ಷದಿಂದ ಅದೂ ಇಲ್ಲ, ತಲೆ ಆಡಿಸುವುದಷ್ಟೇ. ಆ ಹುಡುಗಿ ಎದ್ದು ಬಂದು, ಅಜ್ಜಿ ನಿಜವಾಗಲೂ ಹೀಗೆ ಮಾಡುತ್ತಿದ್ದಳೇ ಎಂದು ಕೇಳಿದಳು. ಮಹಾಂತಪ್ಪನ ತಾಯಿ ಅವನ ಮದುವೆಗೂ ಮೊದಲೇ ತೀರಿಕೊಂಡಿದ್ದರು. ಮಗಳು ಹಾಗಿರಲಿ, ಹೆಂಡತಿ ಶಿವಲೀಲಾ ಸಹ ಅತ್ತೆಯ ಮುಖ ಕಂಡವಳಲ್ಲ.

"ಹೌದವಾ" ಎಂದ ಮಹಾಂತಪ್ಪ. "ಪ್ರತಿ ವರ್ಷ."

ಸಿಯಾ ಎಲ್ಲರೆದುರು ಅಪ್ಪನನ್ನು ತಬ್ಬಿಕೊಂಡಳು. ಅವನ ಕೈ ಎಲ್ಲಿಡಬೇಕೆಂದು ತಿಳಿಯದೆ ಗಾಳಿಯಲ್ಲಿ ನಿಂತಿತ್ತು. ಆಗ ಅವನ ಮುಖ ನೋಡಿದೆ. ಇನ್ನು ಇವನಿಂದ ನಿಜ ಹೊರಡುವುದಿಲ್ಲ ಎಂದು ಅಂದೇ ಅಂದುಕೊಂಡೆ.

ಎರಡೇ ವಾರದಲ್ಲಿ ಸಂಪ್ರದಾಯ ಬೇರು ಬಿಟ್ಟಿತು. ಫ್ರಿಸ್ಕೋದ ಇಂಡಿಯನ್ ಅಂಗಡಿಯಲ್ಲಿ ಕಡಕ್ ರೊಟ್ಟಿಯ ಪೊಟ್ಟಣಗಳು ಮುಗಿದು, ಹೆಸರು ಬರೆಸಿದವರಿಗೆ ಮಾತ್ರ ಎಂದು ಬೋರ್ಡು ಬಿತ್ತು. ನಮ್ಮ ಮೈಸೂರಿನ ಕಡೆಯವರು ಸ್ವಾಭಿಮಾನ ಬಿಡಲಾರದೆ ಅಕ್ಕಿರೊಟ್ಟಿ ಹಿಡಿದು ಎಳೆದರು. ಅದು ಮುರಿಯಲಿಲ್ಲ, ಹರಿಯಿತು. ಹರಿದದ್ದಕ್ಕೆ ಗುಟ್ಟು ಹೇಳಬೇಕೋ ಬೇಡವೋ ಎಂದು ವಾಟ್ಸಾಪ್ ಗುಂಪಿನಲ್ಲಿ ಎರಡು ದಿನ ಚರ್ಚೆಯಾಗಿ ಇಬ್ಬರು ಗುಂಪು ಬಿಟ್ಟುಹೋದರು. ಹೂಸ್ಟನ್ ಸಂಘದ ಭಾಸ್ಕರ ಫೋನ್ ಮಾಡಿದ. ಅಲ್ಲಿಯ ಎನರ್ಜಿ ಕಾರಿಡಾರ್ ಎಂಬ ಬಡಾವಣೆಯ ಒಂದು ತೈಲ ಕಂಪನಿಯಲ್ಲಿ ದೊಡ್ಡ ಎಂಜಿನಿಯರ್, ಡಲ್ಲಾಸಿನವರು ಏನು ಮಾಡಿದರೂ ಅದು ಹೂಸ್ಟನ್ನಿನಲ್ಲಿ ಮೊದಲೇ ಆಗಿತ್ತು ಎನ್ನುವ ಜಾತಿ.

"ಶ್ರೀಪತಿ, ನಮ್ಮಲ್ಲಿ ಈ ಆಚರಣೆ ಹದಿನೈದು ವರ್ಷದಿಂದ ಇದೆ ಕಣಯ್ಯಾ. ಇದು ಚಾಲುಕ್ಯರ ಕಾಲದ್ದು. ನೀವೇನೋ ಈಗ ಕಂಡು ಹಿಡಿದೋರ ಥರ ಆಡ್ತಿದೀರಿ."

"ಹೌದಾ? ನೀನೇ ಮಾಡಿದೀಯಾ?"

"ನಾನು... ಈ ಭಾನುವಾರ ಮಾಡ್ತೀನಿ."

ಭಾನುವಾರ ಮಾಡಿದ. ದೊಡ್ಡ ತುಂಡು ಅವನಿಗೇ ಬಂತು. ಜುಲೈಯಲ್ಲೇ ತನ್ನ ಕೆಲಸ ಹೋಗಿದೆ, ನಾಲ್ಕು ತಿಂಗಳಿಂದ ಐಡಿ ಕಾರ್ಡು ಕೊರಳಿಗೆ ಹಾಕಿಕೊಂಡು ಹೋಗಿ ಆಫೀಸಿನ ಎದುರಿನ ಪಾರ್ಕಿಂಗ್‌ನಲ್ಲಿ ಕೂತು ಬರುತ್ತಿದ್ದೇನೆ ಎಂದು ಹೆಂಡತಿಗೆ ಹೇಳಿದ. ಆಕೆ ನಿಯಮದಂತೆ ಸಣ್ಣ ತುಂಡು ತಿನ್ನುವವರೆಗೂ ಮಾತಾಡಲಿಲ್ಲ. ತಿಂದ ಮೇಲೂ ಆಡಲಿಲ್ಲ. ಚಾಲುಕ್ಯರ ವಿಷಯ ಆಮೇಲೆ ಅವನು ಎತ್ತಿಲ್ಲ.

ನಮ್ಮ ಸಂಘ ಇಷ್ಟಕ್ಕೆ ಸುಮ್ಮನಿರುತ್ತದೆಯೇ? ರಾಜ್ಯೋತ್ಸವಕ್ಕೆ ಬಾಡಿಗೆ ಹಿಡಿದ ಶಾಲೆಯ ಊಟದ ಹಾಲಿನಲ್ಲಿ 'ಸಾಮೂಹಿಕ ರೊಟ್ಟಿ ಮುರಿಯುವ ಕಾರ್ಯಕ್ರಮ' ಎಂದು ನಾನೇ ಕರಪತ್ರ ಬರೆದೆ. ಸುಳ್ಳೆಂದು ಗೊತ್ತಿದ್ದೂ ಬರೆದೆ. ಕಾರ್ಯದರ್ಶಿಗಳಿಗೆ ಜನ ಸೇರಿದರೆ ಸಾಕು, ಸತ್ಯಕ್ಕೆ ಬೇರೆ ಸಮಿತಿ ಇರುತ್ತದೆ. ನೂರ ಹತ್ತು ಜೋಡಿ ಹೆಸರು ಕೊಟ್ಟರು. ಮಹಾಂತಪ್ಪನಿಗೆ ರೇಷ್ಮೆ ಶಾಲು ಹೊದಿಸಿ, ಅವನು ಮೈಕಿನಲ್ಲಿ "ಮುರೀರಿ" ಎಂದದ್ದೇ ತಡ, ನೂರ ಹತ್ತು ರೊಟ್ಟಿ ಒಟ್ಟಿಗೆ ಸದ್ದು ಮಾಡಿದವು.

ಆಮೇಲೆ ಹಾಲಿನಲ್ಲಿ ಪಿಸುಮಾತು. ಆಮೇಲೆ ಪಿಸುಮಾತೂ ನಿಂತು, ನೂರ ಹತ್ತು ಜನ ಜಗಿಯುವ ಸದ್ದು ಮಾತ್ರ. ನನ್ನ ಕೈಗೂ ದೊಡ್ಡ ತುಂಡೇ ಬಂದಿತ್ತು. ಕೃಷ್ಣವೇಣಿ ನಗುತ್ತ ಕಾಯುತ್ತಿದ್ದಳು, ಏನೋ ತಮಾಷೆ ಹೇಳುತ್ತೇನೆಂದು. ಹೇಳಬಹುದಿತ್ತು. ಅವಳು ಮಾಡಿಕೊಡುವ ಕಷಾಯವನ್ನು ಸಿಂಕಿಗೆ ಸುರಿಯುತ್ತೇನೆಂದು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಸುತ್ತಲೂ ಆ ಮೌನ, ಕೈಯಲ್ಲಿ ಆ ಹಾಳು ರೊಟ್ಟಿ. ಬಾಯಿಗೆ ಬಂದದ್ದು ಬೇರೆಯೇ. "ಎಂಟು ವರ್ಷದ ಹಿಂದೆ ಬೆಂಗಳೂರಿನ ಕೆಲಸ ಸಿಗಲಿಲ್ಲ ಅಂದಿದ್ನಲ್ಲ ವೇಣಿ, ಅದು ಸಿಕ್ಕಿತ್ತು. ನಾನೇ ಬೇಡ ಅಂದೆ."

ಅವಳು ತುಂಡನ್ನು ನಿಧಾನವಾಗಿ ತಿಂದಳು. ಆಮೇಲೆ ಹೇಳಿದಳು: "ಆ ವರ್ಷ ನಾನು ಪಾತ್ರೆ ಎಲ್ಲ ಪ್ಯಾಕ್ ಮಾಡಿಟ್ಟಿದ್ದೆ."

ಅಷ್ಟೇ ಹೇಳಿದ್ದು. ಮುಂದೆ ಹನ್ನೊಂದು ದಿನ ಏನೂ ಹೇಳಲಿಲ್ಲ. ನಾನು ಮಾಡಿದ ತಪ್ಪಿಗೆ ಇದು ಕಡಿಮೆಯೇ, ಒಪ್ಪುತ್ತೇನೆ.

ಬಿಸಿಬೇಳೆಭಾತಿನ ಮೂರು ದೊಡ್ಡ ತಪ್ಪಲೆ ಮುಟ್ಟದೆ ಉಳಿದವು. ಗಂಡಂದಿರು ಒಂದು ಬಾಗಿಲಿನಿಂದ, ಹೆಂಡಂದಿರು ಇನ್ನೊಂದರಿಂದ ಹೊರಟರು. ಒಂದೇ ಕಾರಿನಲ್ಲಿ ಬಂದವರು ಮನೆಗೆ ಎರಡು ಟ್ಯಾಕ್ಸಿ ಕರೆಸಿದರು. ಹಾಲು ಗುಡಿಸಲು ಬಂದ ಶಾಲೆಯ ಮುದುಕ ಎಲ್ಲರ ಮುಖ ನೋಡಿ ಟೋಪಿ ತೆಗೆದು, ಯಾರು ತೀರಿಕೊಂಡರು ಎಂದು ಮೆಲ್ಲನೆ ಕೇಳಿದ.

"ಯಾರೂ ಇಲ್ಲ" ಎಂದ ಮಹಾಂತಪ್ಪ, ಶಾಲು ಮಡಚುತ್ತ. "ಇದು ನಮ್ಮ ಹಬ್ಬ."

ಮರುದಿನದಿಂದ ಅವನಿಗೆ ಮುಖ ತೋರಿಸುವವರಿಲ್ಲ. ಆದರೂ ಯಾರೊಬ್ಬರೂ ಸಂಪ್ರದಾಯವನ್ನು ಬೈಯಲಿಲ್ಲ, ಅದೇ ವಿಚಿತ್ರ. ಹಿರಿಯರು ಯೋಚನೆ ಮಾಡಿಯೇ ಮಾಡಿರುತ್ತಾರೆ, ನಮಗೆ ತಡೆದುಕೊಳ್ಳುವ ಶಕ್ತಿಯಿಲ್ಲ ಎಂದು ಬೇಸರಪಟ್ಟುಕೊಂಡರು. ಇಲ್ಲದ ಹಿರಿಯರಿಗೆ ಇಷ್ಟು ಗೌರವ ಸಿಕ್ಕಿದ್ದು ನಾನು ಕಂಡಿಲ್ಲ.

ಇಲ್ಲಿಯವರೆಗೆ ಹಾಳಾದದ್ದು ಬೇರೆಯವರ ಸಂಸಾರ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರದಲ್ಲಿ ಬೆಂಕಿ ಮಹಾಂತಪ್ಪನ ಮನೆಗೇ ಬಂತು. ಸಿಯಾ ಆಸ್ಟಿನ್ನಿನ ಯೂನಿವರ್ಸಿಟಿಗೆ ಅರ್ಜಿ ಹಾಕುತ್ತಿದ್ದಳು. ಅದರ ಜೊತೆ ತನ್ನ ಬಗ್ಗೆ ಒಂದು ಪ್ರಬಂಧ ಬರೆಯಬೇಕು, ಆರುನೂರೈವತ್ತು ಶಬ್ದ. ನಮ್ಮ ಫ್ರಿಸ್ಕೋ ಪ್ಲೇನೋ ಕಡೆ ಈ ಪ್ರಬಂಧದ ಮುಂದೆ ಮದುವೆ ಮುಂಜಿ ಯಾವ ಲೆಕ್ಕ? ಅದಕ್ಕೆಂದೇ ಪ್ಲೇನೋದಲ್ಲಿ ಪ್ರಹ್ಲಾದ್ ಎಂಬೊಬ್ಬ ಗುರುವಿದ್ದಾನೆ, ಗಂಟೆಗಿಷ್ಟು ಎಂದು ತೆಗೆದುಕೊಂಡು ಮಕ್ಕಳ ಬಾಳಿನಲ್ಲಿ ಕಷ್ಟ ಹುಡುಕಿಕೊಡುತ್ತಾನೆ. ಅವನು ಮಹಾಂತಪ್ಪನ ಮನೆಗೆ ಬಂದಾಗ ನಾನೂ ಅಲ್ಲೇ ಇದ್ದೆ. ನಮ್ಮ ಮನೆಯಲ್ಲಿ ಮಾತಿಲ್ಲದ್ದರಿಂದ ಆ ದಿನಗಳಲ್ಲಿ ನಾನು ಅಲ್ಲೇ ಇರುತ್ತಿದ್ದೆ.

"ಸಿಯಾ ಅವಳಜ್ಜಿ ಬಗ್ಗೆ, ರೊಟ್ಟಿ ಬಗ್ಗೆ ಬರೀತಿದಾಳೆ. ಇದು ಬಂಗಾರ ಅಂಕಲ್" ಎಂದ ಪ್ರಹ್ಲಾದ್. "ಒಂದೇ ಮಾತು. ಫ್ಯಾಕ್ಟ್ಸ್ ನಿಜ ಇರಬೇಕು. ಹೋದ ವರ್ಷ ಒಬ್ಬ ಹುಡುಗ, ಹೊಳೇಲಿ ಮುಳುಗಿ ಸತ್ತ ತಾತನ ಬಗ್ಗೆ ಬರೆದ. ಸೀಟು ಬಂತು. ಹೈಸ್ಕೂಲ್ ಗ್ರ್ಯಾಜುಯೇಶನ್‌ಗೆ ತಾತ ಬಂದುಬಿಟ್ರು, ಎಲ್ಲರಿಗೂ ಕೈ ಕುಲುಕಿದ್ರು. ಸೀಟು ಹೋಯ್ತು."

ಶಿವಲೀಲಾ ಎದೆ ಮೇಲೆ ಕೈ ಇಟ್ಟುಕೊಂಡಳು. "ನಮ್ಮದೇನ ಸುಳ್ಳೈತೇನ್ರೀ? ಟೀವಿಯೊಳಗ ಬಂದೈತಿ."

ಮಹಾಂತಪ್ಪ ನೀರು ಕುಡಿಯಲು ಎದ್ದುಹೋದ. ಗ್ಯಾರೇಜಿನಲ್ಲಿ ಅವನನ್ನು ಹಿಡಿದೆ. ಕಾರಿಗೆ ಒರಗಿ ನಿಂತಿದ್ದ.

"ಹೇಳಿಬಿಡಿ ಮಹಾಂತಪ್ಪ. ಮಗಳ ಭವಿಷ್ಯ."

"ಹೇಳಿದ್ರ ಆಕಿ ಮತ್ತ ನನ್ನ ಜೋಡಿ ಮಾತಾಡ್ತಾಳೇನ್ರೀ? ಈ ಮೂರು ವಾರ ದಿನಾ ಬಂದು ಅಜ್ಜಿ ಹೆಂಗಿದ್ದಳು, ಏನು ಉಡ್ತಿದ್ದಳು ಅಂತ ಕೇಳ್ತಾಳ. ನಾನೂ ದಿನಾ ಒಂದು ಹೇಳ್ತೀನಿ." ತಲೆ ತಗ್ಗಿಸಿದ. "ಒಂದೂ ಖರೆ ಅಲ್ಲ."

ಉಳಿದದ್ದು ಒಂದೇ ದಾರಿ ಎಂದು ಅವನಿಗೆ ತೋರಿತು, ಸುಳ್ಳಿಗೆ ಸಾಕ್ಷಿ ಹುಡುಕುವುದು. ಹುಬ್ಬಳ್ಳಿಯಲ್ಲಿ ಅವನ ತಾಯಿಯ ಅಕ್ಕ, ಶಿವಬಸವ್ವ, ಎಂಬತ್ತಾರು ವರ್ಷ. ಅಲ್ಲೇ ಫೋನ್ ಹಚ್ಚಿದ. ಸಿಯಾ ಕೇಳಿದರೆ ನಾವು ಪ್ರತಿ ವರ್ಷ ರೊಟ್ಟಿ ಮುರಿಯುತ್ತಿದ್ದೆವು ಎಂದಷ್ಟು ಹೇಳು ಎಂದು ಬೇಡಿಕೊಂಡ. ಮುದುಕಿಯ ದನಿ ಸ್ಪೀಕರ್ ಇಲ್ಲದೆಯೂ ನನಗೆ ಕೇಳಿಸಿತು.

"ನಿನ್ನ ಸಲುವಾಗಿ ಭಾಳ ವರ್ಷ ಬಾಯಿ ಮುಚ್ಕೊಂಡಿದ್ದೆಪಾ. ಇನ್ನ ಸುಳ್ಳ ಬ್ಯಾರೆ ಹೇಳಂಗಿಲ್ಲ. ಶಿವನ ಮುಂದ ನಿಂದ್ರೋ ದಿನಾ ಹತ್ರ ಬಂದಾವ."

ಮುದುಕಿ ಫೋನ್ ಇಟ್ಟಳು. ಮುಚ್ಚಿಕೊಂಡ ಬಾಯಿ ಯಾವ ವಿಷಯಕ್ಕೆ ಎಂದು ನಾನು ಕೇಳಲಿಲ್ಲ. ಹೇಳುವ ಮುಖ ಅವನಿಗಿರಲಿಲ್ಲ, ಕೇಳುವ ಮುಖ ನನಗಿರಲಿಲ್ಲ.

ಸೋಮವಾರ ಅರ್ಜಿಗೆ ಕೊನೆಯ ದಿನ. ಭಾನುವಾರ ಮಧ್ಯಾಹ್ನ ಮಹಾಂತಪ್ಪ ನನ್ನನ್ನೂ ಕೃಷ್ಣವೇಣಿಯನ್ನೂ ಊಟಕ್ಕೆ ಕರೆದ. ಕೃಷ್ಣವೇಣಿ ಬಂದಳು, ನನ್ನ ಜೊತೆಗಲ್ಲ, ಐದು ನಿಮಿಷ ಮೊದಲು. ಊಟವಾದ ಮೇಲೆ ಅವನು ರೊಟ್ಟಿ ತರಿಸಿದ. ಮಗಳ ಜೊತೆ ಮುರಿದು, ದೊಡ್ಡ ತುಂಡು ತಾನೇ ಪಡೆದು, ಇದು ಸುಳ್ಳು ಎಂದು ಹೇಳಿಬಿಡುವುದು ಅವನ ಯೋಜನೆ. ಸುಳ್ಳು ಸಂಪ್ರದಾಯದ ಮೂಲಕವೇ ಅದು ಸುಳ್ಳೆಂದು ಸಾರುವ ಈ ಉಪಾಯ ಅವನಂಥವನಿಗೇ ಹೊಳೆಯಬೇಕು. ದೊಡ್ಡ ತುಂಡು ತಪ್ಪದಿರಲೆಂದು ರೊಟ್ಟಿಯ ಒಂದು ಬದಿಗೆ ಉಗುರಿನಿಂದ ಗೆರೆ ಬೇರೆ ಎಳೆದಿಟ್ಟಿದ್ದ.

ಸಿಯಾ ಒಂದು ಕಡೆ ಹಿಡಿದಳು, ಅವನು ಒಂದು ಕಡೆ. ಅವನು ಜೋರಾಗಿಯೇ ಎಳೆದ. ಪಟ್ಟೆಂದಿತು. ರೊಟ್ಟಿ ನಾಲ್ಕು ತುಂಡಾಗಿ ಎರಡು ನೆಲಕ್ಕೆ ಬಿದ್ದವು.

ಎಲ್ಲರೂ ನೆಲ ನೋಡಿದೆವು.

"ನಾಕು ತುಂಡಾದ್ರ ಏನ ಮಾಡಬೇಕ್ರೀ?" ಶಿವಲೀಲಾ ಭಕ್ತಿಯಿಂದ ಕೇಳಿದಳು.

ಮಹಾಂತಪ್ಪ ಗಲಿಬಿಲಿಯಾದ. "ಅದನ್ನ ನಾ ಇನ್ನೂ ವಿಚಾರ ಮಾಡಿಲ್ಲ" ಎಂದ.

ಆ ಮಾತು ಏನೆಂದು ಮೊದಲು ಗೊತ್ತಾದದ್ದು ಹೇಳಿದವನಿಗೇ. ಕುರ್ಚಿಯಲ್ಲಿ ಕುಸಿದು ಕೂತ. ಶಿವಲೀಲಾಳ ಹುಬ್ಬು ಮೆಲ್ಲಗೆ ಮೇಲೇರಿತು. ಕೃಷ್ಣವೇಣಿ ನನ್ನ ಕಡೆ ತಿರುಗಿದಳು, ಹನ್ನೊಂದು ದಿನಗಳಲ್ಲಿ ಮೊದಲ ಸಲ. "ನಿಮಗೆ ಗೊತ್ತಿತ್ತು" ಎಂದಳು. ನಾನು ಉಪ್ಪಿನಕಾಯಿಯ ಬಟ್ಟಲು ನೋಡಿದೆ.

"ಇಲ್ಲದ್ದು ಹೇಳೇನಿ ಸಿಯಾ" ಎಂದ ಮಹಾಂತಪ್ಪ. "ಅಂಥಾದ್ದು ಯಾವುದೂ ಇರಲಿಲ್ಲ. ನಿಮ್ಮಜ್ಜಿ ಮಾಡಿಲ್ಲ. ಆ ಪ್ರಬಂಧ ಕಳಸಬ್ಯಾಡ."

ಅವಳು ಕೂಗಾಡುತ್ತಾಳೆಂದು ನಾವೆಲ್ಲ ಕಾದೆವು. ಅವಳು ಒಳಗೆ ಹೋಗಿ ಲ್ಯಾಪ್‌ಟಾಪ್ ತಂದಳು. ತನಗೆ ಗೊತ್ತು ಎಂದಳು. ಎರಡು ವಾರದ ಹಿಂದೆ, ಪ್ರಬಂಧಕ್ಕೆ ಇನ್ನಷ್ಟು ವಿವರ ಬೇಕಾಗಿ, ಶಿವಬಸವ್ವನಿಗೆ ತಾನೇ ಫೋನ್ ಮಾಡಿದ್ದಳಂತೆ. ತನಗೆ ಬರುವಷ್ಟು ಕನ್ನಡದಲ್ಲಿ ಒಂದು ಗಂಟೆ ಮಾತಾಡಿದ್ದಳಂತೆ. ಹಾಗೆಂದು ಓದತೊಡಗಿದಳು. ಇಂಗ್ಲಿಷಿನಲ್ಲಿ ಓದಿದ್ದನ್ನು ನನ್ನ ಕೈಲಾದಷ್ಟು ಕನ್ನಡದಲ್ಲಿ ಬರೆಯುತ್ತೇನೆ.

"ನನ್ನ ತಂದೆ ಒಂದು ಸಂಪ್ರದಾಯವನ್ನು ಕಟ್ಟಿ ಹೇಳಿದರು. ಅದು ಟೀವಿಯಲ್ಲಿ ಬಂತು. ನಿಜ ಏನೆಂದರೆ, ನನ್ನ ಅಜ್ಜಿ ದೊಡ್ಡ ಮನೆತನದವಳಲ್ಲ. ಗಂಡ ಬಿಟ್ಟುಹೋದ ಮೇಲೆ ಹುಬ್ಬಳ್ಳಿಯ ಒಂದು ಖಾನಾವಳಿಯಲ್ಲಿ ಒಲೆಯ ಮುಂದೆ ಕೂತು ದಿನಕ್ಕೆ ಇನ್ನೂರು ರೊಟ್ಟಿ ಬಡಿಯುತ್ತಿದ್ದಳು. ಮುರಿದ ರೊಟ್ಟಿಯನ್ನು ಗಿರಾಕಿಗಳಿಗೆ ಬಡಿಸುವಂತಿರಲಿಲ್ಲ. ಅವನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ತರುತ್ತಿದ್ದಳು. ನನ್ನ ತಂದೆ ಬೆಳೆದದ್ದು ಅವುಗಳಿಂದ. ಇಡೀ ರೊಟ್ಟಿಯನ್ನು ಅವರು ಕಂಡದ್ದು ಹಾಸ್ಟೆಲ್ಲಿಗೆ ಸೇರಿದ ಮೇಲೆ. ಇದನ್ನು ಅವರು ನನ್ನ ತಾಯಿಗೂ ಹೇಳಿಲ್ಲ. ಅಜ್ಜಿ ಹಂಚುವಾಗ ದೊಡ್ಡ ತುಂಡು ಯಾವಾಗಲೂ ಅವರ ತಟ್ಟೆಗೇ ಬೀಳುತ್ತಿತ್ತು. ಅವರೇ ಮಾಡಿದ ನಿಯಮದ ಪ್ರಕಾರ, ದೊಡ್ಡ ತುಂಡು ಸಿಕ್ಕವರು ಮುಚ್ಚಿಟ್ಟ ಮಾತು ಹೇಳಬೇಕು. ನನ್ನ ತಂದೆ ಇನ್ನೂ ಹೇಳಿಲ್ಲ."

ಶಿವಲೀಲಾ ಗಂಡನನ್ನೇ ನೋಡುತ್ತಿದ್ದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಮೂರು ಜನ ಆಳುಗಳ ಕಥೆಯನ್ನು ಅವಳು ತನ್ನ ತವರಿನವರ ಮುಂದೆ ಎಷ್ಟು ಸಲ ಹೇಳಿರಬಹುದು! ಬೈಯಲೆಂದೇ ಬಾಯಿ ತೆರೆದಳು, ಆದರೆ ಅವನ ಮುಖ ನೋಡಿ ಮುಚ್ಚಿದಳು. ಆಗಸ್ಟಿನ ಆ ಡೇರೆಯಲ್ಲಿ ಎರಡಾದ ಚಿಪ್ಸ್ ನೋಡುತ್ತ ಕೂತವನನ್ನು ನಾನು ವಾಪಸು ಬರುವ ಹೈವೇಯಲ್ಲಿ ಸುಳ್ಳುಗಾರನೆಂದು ಹಂಗಿಸಿದ್ದೆ.

ಸಿಯಾ ಕಾಯುತ್ತಿದ್ದಳು. ಇದನ್ನು ಕಳಿಸಲೇ ಎಂದು ಕೇಳಿದಳು.

ಮಹಾಂತಪ್ಪ ಅಂಗೈ ನೋಡಿಕೊಂಡ. ಆಮೇಲೆ ನಮಗೆ ಕೇಳಿಸುವಷ್ಟೇ ದನಿಯಲ್ಲಿ ಹೇಳಿದ:

"ಇನ್ನೂರಲ್ಲವಾ. ಮುನ್ನೂರು. ಸಂತಿ ದಿನ ನಾಕುನೂರು."

ಸಿಯಾ ಇನ್ನೂರನ್ನು ಅಳಿಸಿ ಮುನ್ನೂರು ಮಾಡಿದಳು.

"ಬಲಗೈ ಹೆಬ್ಬಟ್ಟಿಗೆ ಉಗುರ ಇರಲಿಲ್ಲ ಆಕಿಗೆ. ಹಂಚಿಗೆ ಹತ್ತಿ ಹತ್ತಿ ಸುಟ್ಟಹೋಗಿತ್ತು. ಅದನ್ನೂ ಹಾಕು."

ಜಾಗ ಇಲ್ಲ, ಆರುನೂರೈವತ್ತು ಶಬ್ದ ಮುಗಿದಿವೆ ಎಂದಳು ಸಿಯಾ. ಗುಂಡಿ ಒತ್ತಿ ಅರ್ಜಿಯನ್ನು ಆಸ್ಟಿನ್ನಿಗೆ ಕಳಿಸಿ ಲ್ಯಾಪ್‌ಟಾಪ್ ಮುಚ್ಚಿದಳು.

"ನಾ ಹಾಸ್ಟೆಲ್ಲಿಗೆ ಹೋಗೋ ದಿನ ಖಾನಾವಳಿ ಮಾಲಕಗ ಹೇಳದನ ಬಸ್‌ಸ್ಟ್ಯಾಂಡಿಗೆ ಬಂದಿದ್ಲು" ಎಂದ ಮಹಾಂತಪ್ಪ. "ಕೈತುಂಬ ಹಿಟ್ಟು ಹಂಗ ಇತ್ತು. ದೋಸ್ತರು ನೋಡ್ತಾರಂತ ನಾ ಕಿಡಕಿ ಮುಚ್ಚಿದೆ." ಸಿಯಾ ನೆಲದ ಮೇಲಿನ ಎರಡು ತುಂಡು ಎತ್ತಿ ಮೇಜಿನ ಮೇಲಿಟ್ಟು ಅವನ ಎದುರಿಗೆ ಕುರ್ಚಿ ಎಳೆದು ಕೂತಳು. ಶಿವಲೀಲಾ ಚಹಾಕ್ಕೆ ಇಡಲು ಎದ್ದವಳು ಹೋಗದೆ ಬಾಗಿಲಲ್ಲೇ ನಿಂತಳು. ಮಹಾಂತಪ್ಪ ಹೇಳುತ್ತಲೇ ಇದ್ದ.